ಹೆಪ್ಪಿಲ್ಲದ ಮನೆ

ಆ ಊರಿನಲ್ಲಿ ನಾಳೆಯನ್ನು ಇಟ್ಟುಕೊಂಡವರನ್ನು ದೋಣಿ ಒಯ್ಯುತ್ತಿರಲಿಲ್ಲ.

ಇದು ಯಾರೂ ಮಾಡಿದ ಕಟ್ಟಳೆಯಲ್ಲ. ಡಂಗುರ ಸಾರಿರಲಿಲ್ಲ, ಕಲ್ಲಿನಲ್ಲಿ ಕೆತ್ತಿರಲಿಲ್ಲ. ಹೊಳೆ ಹಾಗಿತ್ತು, ಅಷ್ಟೆ. ಆಚೆ ದಡಕ್ಕೆ ಕರೆ ಬಂದವರು ದೋಣಿಯಲ್ಲಿ ಕೂತು, ಅಂಬಿಗ ಗಳ ಊರಿದಾಗ, ಈಚೆ ದಡದಲ್ಲಿ ಅವರದೊಂದು ನಾಳೆ ಉಳಿದಿದ್ದರೆ ದೋಣಿ ಅಲ್ಲಾಡುತ್ತಿರಲಿಲ್ಲ. ದಡದವರೆಲ್ಲ ಸೇರಿ ನೂಕಿದರೂ ಇಲ್ಲ. ಬೇರು ಬಿಟ್ಟ ಮರದ ಹಾಗೆ ನೀರಿನಲ್ಲಿ ನಿಂತುಬಿಡುತ್ತಿತ್ತು.

ಒಬ್ಬ ದೋಣಿ ಹತ್ತಿದ, ದೋಣಿ ನಿಂತಿತು. ಏನು ಬಿಟ್ಟು ಬಂದೆಯೋ ಎಂದು ಎಲ್ಲರೂ ಕೇಳಿದರು. ಏನಿಲ್ಲ, ಏನಿಲ್ಲ ಎಂದು ಆಣೆಯಿಟ್ಟ. ಕೊನೆಗೆ ಅವನ ಹೆಂಡತಿಗೆ ನೆನಪಾಯಿತು: ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ, ಮಾಗಲಿ ಎಂದು ಅವನೇ ಬಾಯಿಗೆ ಬಟ್ಟೆ ಕಟ್ಟಿ ಇಟ್ಟದ್ದು. ಅವಳು ಓಡಿಹೋಗಿ ಜಾಡಿ ಒಡೆದಳು. ಇಲ್ಲಿ ದೋಣಿ ತೇಲಿತು. ಇನ್ನೊಬ್ಬ ಕ್ಷೌರದವನು. ಗಿರಾಕಿಯ ಒಂದು ಕೆನ್ನೆ ಬೋಳಿಸಿದ್ದಾಗ ಕರೆ ಬಂದು, "ಇನ್ನೊಂದು ನಾಳೆ" ಎಂದು ಬಾಯಿತಪ್ಪಿ ಹೇಳಿ ಓಡಿಬಂದಿದ್ದ. ಅರ್ಧ ಗಡ್ಡದ ಆ ಮನುಷ್ಯನನ್ನು ಕರೆತಂದು, ಹೊಳೆಯ ಮೆಟ್ಟಿಲ ಮೇಲೆ ಕೂರಿಸಿ, ಊರೆಲ್ಲ ನಗುತ್ತಿರುವಾಗ ಉಳಿದ ಕೆನ್ನೆ ಬೋಳಿಸಿದ ಮೇಲೆಯೇ ದೋಣಿ ಬಿಟ್ಟದ್ದು.

ಕೆಲಸಕ್ಕೆ ಕರೆಯುವ ಆಚೆಯ ಯಜಮಾನ ಬಾ ಎಂದರೆ ಸಾಲದು, ಆಚೆಯ ದಡವೂ ಬಾ ಎನ್ನಬೇಕು. ಯಜಮಾನನಾದವನು ತನಗೆ ಬೇಕಾದವರ ಮೈಮೇಲಿನ ನೂಲೊಂದನ್ನು ಒಯ್ದು ಆ ದಡದವರಿಗೆ ಒಪ್ಪಿಸುತ್ತಿದ್ದ. ಅವರು ಒಪ್ಪಿದ ದಿನ ಅಲ್ಲಿಯ ಕಪ್ಪು ಕಲ್ಲೊಂದಕ್ಕೆ ಆ ನೂಲು ಸುತ್ತಿ ಅಂಬಿಗನ ಬುಟ್ಟಿಗೆ ಹಾಕುತ್ತಿದ್ದರು. ಕಲ್ಲು ಕೈಗೆ ಬಂದವರು ಅದೇ ದಿನ ಹೊರಡಬೇಕು. ದಿನ ತಪ್ಪಿದರೆ ಕಲ್ಲು ಬರೀ ಕಲ್ಲು. ಯಾವಾಗ ಒಪ್ಪುತ್ತಾರೆ, ತಡ ಯಾಕೆ, ಯಾರ ನೂಲು ಮೇಲಿದೆ, ಯಾರದು ಅಡಿಗೆ ಬಿದ್ದಿದೆ, ಯಾರಿಗೂ ತಿಳಿಯದು. ಅಂಬಿಗನನ್ನು ಕೇಳಿದರೆ, "ನಾನು ಬುಟ್ಟಿ ಹೊರುವವನು" ಎನ್ನುತ್ತಿದ್ದ.

ಹಾಗಾಗಿ ಕರೆ ಬಂದವರು ಕಾಯುತ್ತಿದ್ದರು. ಅವರ ಮನೆಗಳನ್ನು ಹೊರಗಿನಿಂದಲೇ ಗುರುತಿಸಬಹುದಿತ್ತು. ಅಂಗಳದಲ್ಲಿ ಗಿಡವಿಲ್ಲ. ಸೂರಿನಡಿ ಬೀಜಕ್ಕೆಂದು ಕಟ್ಟಿದ ತೆನೆಯಿಲ್ಲ. ಮಲಗುವಾಗ ಕೆಂಡಕ್ಕೆ ಬೂದಿ ಮುಚ್ಚುವಂತಿಲ್ಲ, ಉಳಿಸಿದ ಬೆಂಕಿ ನಾಳೆಯ ಬೆಂಕಿ. ಕಾಳು ನೆನೆಹಾಕುವಂತಿಲ್ಲ, ಹಿಟ್ಟು ರುಬ್ಬಿಡುವಂತಿಲ್ಲ. ಮಕ್ಕಳ ಲಂಗಕ್ಕೆ, ಬೆಳೆದಾಗ ಬಿಚ್ಚಲೆಂದು ಒಳಮಡಿಕೆ ಬಿಟ್ಟು ಹೊಲಿಯುವಂತಿಲ್ಲ. ಎಲ್ಲಕ್ಕಿಂತ ಮೊದಲು, ಹಾಲಿಗೆ ಹೆಪ್ಪು ಹಾಕುವಂತಿಲ್ಲ. ಇಂದಿನ ಹೆಪ್ಪು ನಾಳೆಯ ಮೊಸರು. ಅದಕ್ಕಿಂತ ಅಪ್ಪಟವಾದ ನಾಳೆ ಯಾವ ಮನೆಯಲ್ಲಿದೆ? ಎಲ್ಲಿಂದಲಾದರೂ ಹೊರಡುವಾಗ ಹೋಗಿ ಬರ್ತೀನಿ ಎನ್ನುವಂತಿಲ್ಲ. ಬರ್ತೀನಿ ಎಂಬುದೂ ಅಲ್ಲಿ ಇಟ್ಟುಹೋದ ಒಂದು ನಾಳೆ. ಜಗಳವಾಡಿದವರ ಹಾಗೆ ಸುಮ್ಮನೆ ಎದ್ದುಹೋಗಬೇಕು.

ಆ ಊರಿನ ನೇಯುವವಳಿಗೆ ಕರೆ ಬಂದಾಗ ಅವಳ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು, ಮಡಿಲಲ್ಲಿ ಪುಟ್ಟ ಮಗಳಿದ್ದಳು.

ಅವಳಿಗೆ ನೇಯ್ಗೆಯನ್ನು ಯಾರೂ ಕಲಿಸಿರಲಿಲ್ಲ. ಹೆಂಗಸರು ಕಂಡಿಕೆಗೆ ನೂಲು ಸುತ್ತಬೇಕು, ಗಂಡಸರು ಮಗ್ಗಕ್ಕೆ ಕೂರಬೇಕು ಎನ್ನುವ ಮನೆಗಳಲ್ಲಿ ಅವಳು ಕಸ ಗುಡಿಸುತ್ತಿದ್ದಳು. ಮಗ್ಗದ ಕೆಳಗೆ ಬಿದ್ದ ತುಂಡು ನೂಲನ್ನು ಆಯ್ದು, ಗಂಟು ಹಾಕಿ ಉದ್ದ ಮಾಡಿ, ಗಂಡಸರ ಕೈಕಾಲುಗಳ ಚಲನೆಯನ್ನು ಪೊರಕೆ ಹಿಡಿದೇ ನೋಡಿ ನೋಡಿ ತಾನೇ ಕಲಿತಳು. ಮುಂದೆ ಅವಳು ನೇಯ್ದ ಅಂಚನ್ನು ಸವರಿ ನೋಡಿದವರು, ನಿನಗೆ ಯಾರು ಗುರು ಎಂದು ಕೇಳಿದರೆ, "ಪೊರಕೆ" ಎನ್ನುತ್ತಿದ್ದಳು. ಮಗಳ ತಂದೆ ಬೇರೆ ದಾರಿ ಹಿಡಿದಿದ್ದ. ಅವನಿಗಾಗಿ ಅವಳು ಅತ್ತದ್ದನ್ನು ಊರು ಕಂಡಿರಲಿಲ್ಲ.

ಮಗ್ಗದ ಯಜಮಾನ ತನ್ನ ಮಗ್ಗಗಳನ್ನೆಲ್ಲ ಬಿಚ್ಚಿ ಆಚೆ ದಡಕ್ಕೆ ಸಾಗಿಸಿದ. ಕೊನೆಯ ಮಗ್ಗದ ಜೊತೆ ತಾನೂ ಹೊರಡುವ ಮುಂಚೆ ಅವಳ ಬಾಗಿಲಿಗೆ ಬಂದು ನಿಂತ.

"ಅಲ್ಲಿ ನೀರು ಬೇರೆ, ಬಣ್ಣ ಬೇರೆ," ಎಂದ. "ಹೆಂಗಸು ಮಗ್ಗಕ್ಕೆ ಕೂತರೆ ಬಾಗಿಲಲ್ಲಿ ನಿಂತು ನೋಡುವವರು ಇಲ್ಲ. ನಿನ್ನ ಕೈ ನನಗೆ ಬೇಕು. ಬರ್ತೀಯಾ?"

"ಮಗಳು?"

"ಮಡಿಲಲ್ಲಿ ಹಿಡಿಸುವುದಕ್ಕೆ ಬೇರೆ ಕಲ್ಲು ಬೇಡ. ಕಾಲು ನೆಲ ಮುಟ್ಟದಿದ್ದರೆ ಸರಿ. ಹೊಳೆಯೇ ಕೊಟ್ಟ ಮಾತು ಅದು."

ಅವಳು ಸೆರಗಿನಿಂದ ಕೆಂಪು ನೂಲೊಂದನ್ನು ಎಳೆದು ಕೊಟ್ಟಳು. ಅವನು ಹೋದ ಮೇಲೆ ಕತ್ತರಿ ತಂದು ಮಗ್ಗದ ಹಾಸುನೂಲನ್ನು ಅಡ್ಡಲಾಗಿ ಕತ್ತರಿಸಿದಳು. ಅರ್ಧ ಸೀರೆ ಜಾರಿ, ಮಗ್ಗದಡಿ ಕಾಲು ಇಳಿಬಿಡುವ ಗುಂಡಿಗೆ ಬಿತ್ತು. ಕತ್ತರಿಸಿದ ನೂಲಿನ ತುದಿಗಳು ಗಾಳಿಗೆ ನಡುಗಿದವು. ಮಗಳು ಅದನ್ನು ಕಂಡು ಕಿಲಕಿಲ ನಕ್ಕಳು.

ಮರುದಿನ ಬೆಳಿಗ್ಗೆ ನೇಯುವವಳು ಹೊಳೆಯ ಮೆಟ್ಟಿಲ ಮೇಲೆ ಅರ್ಧ ಸೀರೆಯನ್ನು ಹಾಸಿ, ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಡವಿನವನು, ಅಂದರೆ ದೋಣಿಯ ಬುಟ್ಟಿಯನ್ನು ಇಳಿಸಿಕೊಂಡು ಕಲ್ಲು ಹಂಚುವವನು, ಅವಳ ಮುಂದೆ ಬಂದು ನಿಂತ.

"ನಾಳೆಗೆ ಏನಾದರೂ ಇಟ್ಟಿದ್ದೀಯಾ?"

"ಏನೂ ಇಲ್ಲ."

"ಮಡಿಲಲ್ಲಿ?"

"ಮಗಳು."

ಅವನು ಮಗುವಿನ ಪಾದ ನೋಡಿದ. ಹೊಳೆಯ ನೀರಿನಲ್ಲಿ ಕೈ ಅದ್ದಿ ತಾಯಿಯ ಅಂಗೈ ಒದ್ದೆ ಮಾಡಿದ. ಬುಟ್ಟಿಯೊಳಗೆ ಕೈಯಾಡಿಸಿದ.

"ನಾಳೆ ಬಾ."

ದಿನವೂ ಹಿಂದಿರುಗುವಾಗ ಅವಳು ಪಕ್ಕದ ಮನೆಯ ಮಜ್ಜಿಗೆಯವಳ ಬಾಗಿಲಿಗೆ ಹೋಗಿ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡವನ್ನೂ ಬಟ್ಟಲಲ್ಲಿ ಮೊಸರನ್ನೂ ಪಡೆಯುತ್ತಿದ್ದಳು. ಋಣವೂ ನಾಳೆಯೇ ಆದ್ದರಿಂದ ಅಲ್ಲೇ ನಿಂತು ಒಂದು ಮಡಕೆ ಮಜ್ಜಿಗೆ ಕಡೆದುಕೊಟ್ಟು ಹೋಗುತ್ತಿದ್ದಳು. ಹೊಳೆ ಹೇಳದಿದ್ದರೂ ಅವಳು ಯಾರ ಋಣವನ್ನೂ ಇಟ್ಟುಕೊಂಡವಳಲ್ಲ.

"ಏನಂದ ನಿನ್ನ ಕಡವಿನವನು?" ಎಂದು ಮಜ್ಜಿಗೆಯವಳು ಕೇಳುವಳು.

"ನಾಳೆ ಬಾ ಅಂದ."

"ನಾಳೆ ಬಾ ಅಂತ ಜನ ಬಾಗಿಲ ಮೇಲೆ ಬರೆಯೋದು ದೆವ್ವಕ್ಕೆ ಕಣೇ. ಪಾಪ, ಅದೂ ದಿನಾ ಬರುತ್ತಂತೆ, ಓದುತ್ತಂತೆ, ಹೋಗುತ್ತಂತೆ."

"ಬೆಂಕಿ ಕೊಡು. ಬುದ್ಧಿ ಬೇಡ."

"ತಗೋ. ಬೆಂಕಿ ತಗೊಂಡವರಿಗೆ ಬುದ್ಧಿ ಬಿಟ್ಟಿ."

ಹೊಳೆ ಉಬ್ಬಿತು, ಹೊಳೆ ಇಳಿಯಿತು. ಬುಟ್ಟಿಯಲ್ಲಿ ಹಸಿರು ನೂಲಿನ ಕಲ್ಲು ಬಂತು, ಹಳದಿ ನೂಲಿನ ಕಲ್ಲು ಬಂತು. ನೇಯುವವಳಿಗಿಂತ ಹಿಂದೆ ಕೂತವರು ಅವಳಿಗಿಂತ ಮುಂದೆ ಎದ್ದು ಹೋದರು. ಕೆಲವರು ಮುಖ ಮುಚ್ಚಿಕೊಂಡು ಹೋದರು, ಕೆಲವರು ಅವಳ ಭುಜ ತಟ್ಟಿ ಹೋದರು. ತಟ್ಟಿದವರ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು. ಯಜಮಾನನಿಂದ ಅಂಬಿಗನ ಬಾಯಲ್ಲಿ ಮಾತು ಬರುತ್ತಿತ್ತು: "ಮಗ್ಗ ಹೂಡಿದ್ದಾಗಿದೆ, ನಿನ್ನ ಜಾಗ ಖಾಲಿ ಇದೆ." ಹೊಳೆ ಉಬ್ಬಿತು, ಹೊಳೆ ಇಳಿಯಿತು. "ನಿನ್ನ ಜಾಗ ಖಾಲಿಯೇ ಇದೆ, ಸ್ವಲ್ಪ ತಡೆ." ಮತ್ತೆ ಉಬ್ಬಿತು, ಮತ್ತೆ ಇಳಿಯಿತು. ಆಮೇಲೆ ಮಾತು ಚಿಕ್ಕದಾಯಿತು: "ತಡೆ."

ಒಂದು ದಿನ ಮಗಳ ಹಾಲುಹಲ್ಲು ಬಿತ್ತು. ಆ ಊರಿನ ಮಕ್ಕಳು ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆಯ ಸೂರಿನ ಮೇಲೆ ಎಸೆಯುತ್ತಿದ್ದರು, ಹೊಸದು ಬರಲಿ ಎಂದು. ಮಗಳು ಅಂಗೈಯಲ್ಲಿ ಹಲ್ಲು ಹಿಡಿದು ಬಂದಳು.

"ಎಸೀಲಾ ಅವ್ವ?"

"ಬೇಡ. ಅದನ್ನ ಎಸೆಯೋದು ನಾಳೆಗೆ ಅಂತ. ಹೊಳೆಗೆ ಹಾಕು."

ಮಗಳು ಹೊಳೆಗೆ ಹಾಕಿದಳು. ಇನ್ನು ತನಗೆ ಹಲ್ಲೇ ಬರುವುದಿಲ್ಲವೇನೋ ಎಂದು ನಾಲಿಗೆಯಿಂದ ವಸಡನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆದರೂ ಹಲ್ಲು ಬಂತು. ಅವಳು ತಾಯಿಯ ಮುಂದೆ ನಿಂತು, ಏನೋ ಒಡೆದು ಹಾಕಿದವಳಂತೆ ತಲೆ ತಗ್ಗಿಸಿದಳು.

"ಅವ್ವ, ಇದು ಬಂದುಬಿಡ್ತು. ನಾನೇನೂ ಮಾಡಿಲ್ಲ."

ನೇಯುವವಳು ಅವಳನ್ನು ಹತ್ತಿರ ಎಳೆದುಕೊಂಡಳು. ಗಿಡ ಕಿತ್ತಿದ್ದಳು, ಬೆಂಕಿ ಆರಿಸಿದ್ದಳು, ಮಾತು ನಿಲ್ಲಿಸಿದ್ದಳು. ಮಗುವಿನ ಮೈಯನ್ನು ಎಲ್ಲಿ ಬಚ್ಚಿಡುವುದು?

ಇನ್ನೊಂದು ದಿನ ಮಗಳು ಬರಿದಾದ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೈಯಲ್ಲಿ ಲಾಳಿ.

"ಅವ್ವ, ಇದನ್ನ ಹೇಗೆ ಎಸೀತಾರೆ? ಕಲಿಸು."

"ಅಲ್ಲಿ ಕಲಿಸ್ತೀನಿ. ಆಚೆ ದಡದಲ್ಲಿ."

"ಇಲ್ಲೇ ಸ್ವಲ್ಪ ಕಲಿಸು. ಉಳಿದದ್ದು ಅಲ್ಲಿ."

"ಸ್ವಲ್ಪ ಕಲಿತರೆ ಉಳಿದದ್ದು ಬಾಕಿ ಇರುತ್ತೆ. ಬಾಕಿ ಇದ್ದರೆ ದೋಣಿ ನಿಲ್ಲುತ್ತೆ. ಕೊಡು ಇಲ್ಲಿ."

ಲಾಳಿಯನ್ನು ತೆಗೆದು ಅಟ್ಟದ ಮೇಲಿಟ್ಟಳು. ಕಸಿದುಕೊಂಡದ್ದು ಅಲ್ಲ, ಮಗಳೇ ಕೊಟ್ಟಳು. ಆ ದಿನದಿಂದ ಮಗಳು ಕಲಿಸು ಎಂದು ಕೇಳಲಿಲ್ಲ.

ಹೊಳೆ ಉಬ್ಬಿತು, ಹೊಳೆ ಇಳಿಯಿತು. ಮೆಟ್ಟಿಲ ಮೇಲೆ ಮಗಳು ಈಗ ಮಂಡಿಗಳನ್ನು ಎದೆಗೆ ಒತ್ತಿಕೊಂಡು, ಪಾದಗಳನ್ನು ಲಂಗದೊಳಗೆ ಎಳೆದುಕೊಂಡು ಕೂರುತ್ತಿದ್ದಳು. ಲಂಗಕ್ಕೆ ಒಳಮಡಿಕೆ ಇರಲಿಲ್ಲ. ಕಡವಿನವನು ನೋಡಿಯೂ ನೋಡದವನಂತೆ ಬುಟ್ಟಿಗೆ ಕೈ ಹಾಕುತ್ತಿದ್ದ.

"ಕಾಲು ಮಡಚು," ತಾಯಿ ಕಿವಿಯಲ್ಲಿ ಹೇಳುವಳು.

"ಮಡಚಿದೀನಿ ಅವ್ವ."

"ಇನ್ನೂ ಮಡಚು."

ಒಂದು ಬೆಳಿಗ್ಗೆ ಮಗಳು ಲಂಗದೊಳಗಿಂದ ಒಂದು ಪಾದವನ್ನು ಹೊರತೆಗೆದಳು. ನೀರಿನ ಆಳ ನೋಡುವವರ ಹಾಗೆ ಮೆಲ್ಲಗೆ ಮೆಟ್ಟಿಲ ಕಲ್ಲಿನ ಮೇಲೆ ಇಟ್ಟಳು. ಆಮೇಲೆ ಇನ್ನೊಂದು ಪಾದವನ್ನು ಅದರ ಪಕ್ಕದಲ್ಲಿಟ್ಟಳು.

"ಒಳಗೆ ತಗೋ ಕಾಲು!"

"ನೋಯುತ್ತೆ ಅವ್ವ. ಎಷ್ಟು ಅಂತ ಮಡಚಲಿ?"

ಕಡವಿನವನು ಬುಟ್ಟಿಯನ್ನು ಕೆಳಗಿಟ್ಟ. "ಮುಟ್ಟಿತು," ಎಂದ. "ನಾನೊಬ್ಬನೇ ಆಗಿದ್ದರೆ ಕಾಣಲಿಲ್ಲ ಅಂತಿದ್ದೆ. ಹೊಳೆ ಕಂಡಿತು ತಾಯಿ. ಇವಳಿಗೆ ಇನ್ನು ಬೇರೆ ಕಲ್ಲು ಬೇಕು."

"ಇವಳ ನೂಲನ್ನೂ ಕಳಿಸ್ತೀನಿ. ಈಗಲೇ ಕಳಿಸ್ತೀನಿ. ನನ್ನ ಯಜಮಾನ ಇವಳನ್ನೂ ಕರೀತಾನೆ."

"ಕರೀಬಹುದು. ಕೆಲಸ ಬಲ್ಲವರನ್ನ ಮಾತ್ರ ಆ ದಡ ಕೇಳೋದು." ಅವನು ಮಗಳ ಕಡೆ ಬಾಗಿದ. "ನಿನಗೆ ನೇಯೋದು ಬರುತ್ತಾ ಮಗಾ?"

ಮಗಳು ತಾಯಿಯ ಮುಖ ನೋಡಿದಳು. ತಾಯಿ ಹೊಳೆ ನೋಡಿದಳು.

ಆ ದಿನ ಮಜ್ಜಿಗೆಯವಳ ಅಂಗಳದಲ್ಲಿ ನೇಯುವವಳು ಎಂದಿಗಿಂತ ಜೋರಾಗಿ ಮಜ್ಜಿಗೆ ಕಡೆದಳು. ಮಜ್ಜಿಗೆ ಚೆಲ್ಲಿತು.

"ಮಡಕೆ ಒಡೀಬೇಡ ಮಾರಾಯ್ತಿ," ಎಂದಳು ಮಜ್ಜಿಗೆಯವಳು. "ಬೇಡ ಅಂತ ಒಂದು ಮಾತು ಹೇಳಿಬಿಡು ಕಡವಿನವನಿಗೆ. ನಿನ್ನ ನೂಲು ನಿನಗೆ ವಾಪಸ್ಸು ಬರಲಿ."

"ಬಂದ ಮೇಲೆ?"

"ಮಗ್ಗ ಹೂಡು. ಮಗಳಿಗೆ ಕಲಿಸು. ನನ್ನ ಒಲೆಯ ಬೆಂಕಿ ನನಗೆ ಬಿಡು."

"ಇಷ್ಟು ಕಾಲ ಕಾದು ಕೊನೆಗೆ ಕೈಲಾಗದೆ ಬಿಟ್ಟಳು ಅಂತ ಊರು ಆಡಿಕೊಳ್ಳಲಿ ಅಂತಲಾ? ಕಸ ಗುಡಿಸೋಳು ಹೊಳೆ ದಾಟೋಕೆ ಹೊರಟಿದ್ದಳಂತೆ ಅಂತ?"

"ಆಡಿಕೊಳ್ತಾರೆ, ಮರೀತಾರೆ."

"ನಾನು ಮರೆಯಲ್ಲ."

"ಅದು ನಿಜ. ನಿನ್ನ ಹಟ ಒಂದು ಚಮಚ ಹಾಕಿದರೆ ಸಾಕು, ಹಾಲು ಮೊಸರಾಗಲ್ಲ, ಕಲ್ಲಾಗುತ್ತೆ."

ನೇಯುವವಳು ಕಡೆಗೋಲನ್ನು ಕೆಳಗಿಟ್ಟು, ತಲೆ ತಗ್ಗಿಸಿ ಎದ್ದುಹೋದಳು. ಮಗಳು ಹಿಂದೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಇನ್ನು ಅವಳಿಗೆ ಕೆಲಸವಿರಲಿಲ್ಲ.

ಸಂಜೆ ಮಜ್ಜಿಗೆಯವಳು ಹಾಲು ಕಾಯಿಸಿ ಇಳಿಸಿದಾಗ ಮಗಳು ಪಕ್ಕದಲ್ಲಿ ಕೂತಿದ್ದಳು.

"ಕಿರುಬೆರಳು ಅದ್ದು. ಸುಟ್ಟಿತಾ?"

"ಹೂಂ."

"ಹಾಗಾದರೆ ತಡೀಬೇಕು. ಈಗ ಹಾಕಿದರೆ ಹೆಪ್ಪು ಸಾಯುತ್ತೆ, ಹಾಲು ಹಾಲಾಗೇ ಉಳಿಯುತ್ತೆ. ತೀರ ಆರಿದರೂ ಆಗಲ್ಲ, ಹೆಪ್ಪು ಮಲಗಿಬಿಡುತ್ತೆ. ಬೆರಳಿಗೆ ಹಿತ ಅನ್ನಿಸಬೇಕು. ಉಗುರುಬೆಚ್ಚಗೆ. ಅಷ್ಟೇ ವಿದ್ಯೆ, ಆದರೆ ಅವಸರದವರಿಗೆ ಬರಲ್ಲ."

ಬೆಳಿಗ್ಗೆ ಮಗಳು ಮಡಕೆಯನ್ನು ಓರೆ ಮಾಡಿ ನೋಡಿದಳು. ಒಳಗಿನದು ಜಾರಲಿಲ್ಲ.

"ಅವ್ವಾ! ನಿಂತಿದೆ! ನಾನು ಹಾಕಿದ್ದು ನಿಂತಿದೆ!"

ಗೋಡೆಯಾಚೆ, ಹೊಳೆಗೆ ಹೊರಟಿದ್ದ ನೇಯುವವಳು ಆ ಕೂಗನ್ನು ಕೇಳಿದಳು. ಅದು ಮಗಳ ಮೊದಲ ನಾಳೆ. ಅರ್ಧ ಸೀರೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಗೆ ಹೋದಳು.

ಮಗಳು ಮಜ್ಜಿಗೆಯವಳ ಮನೆಯಲ್ಲಿ ಉಳಿದಳು. ಒಂದು ದಿನ ಹಾಲಿಗಾಗಿ, ಒಂದು ದಿನ ಕರುವಿಗಾಗಿ, ಆಮೇಲೆ ಕಾರಣ ಬೇಕಾಗಲಿಲ್ಲ. ನೇಯುವವಳು ಕರೆಯಲಿಲ್ಲ. ಕರೆಯುವುದಾದರೂ ಎಲ್ಲಿಗೆ? ಬೆಂಕಿಯಿಲ್ಲದ, ಗಿಡವಿಲ್ಲದ, ನೂಲಿಲ್ಲದ ಮನೆಗೆ? ಮಗಳೇ ದಿನವೂ ಕೆಂಡವನ್ನೂ ಮೊಸರಿನ ಬಟ್ಟಲನ್ನೂ ತಂದು ಹೊಸಿಲಿನ ಮೇಲಿಡುತ್ತಿದ್ದಳು. ಎತ್ತರವಾದಳು. ಬಳೆ ತೊಟ್ಟಳು. ಮಜ್ಜಿಗೆಯ ಮಡಕೆ ಹೊತ್ತು ಬೀದಿಯಲ್ಲಿ ಕೂಗುವ ದನಿ ಅವಳಿಗೆ ಬಂತು. ಹೊಸಿಲಿನಿಂದ ಹೊರಡುವಾಗ ಎಲ್ಲರ ಹಾಗೆ, "ಹೋಗಿ ಬರ್ತೀನಿ ಅವ್ವ" ಎನ್ನುತ್ತಿದ್ದಳು. ತಾಯಿ "ಹೂಂ" ಎನ್ನುತ್ತಿದ್ದಳು. ಹೋಗಿ ಬಾ ಎಂದರೆ ಅದೂ ನಾಳೆಯೇ.

ನೇಯುವವಳು ಬರಿದಾದ ಮಡಿಲಿನೊಂದಿಗೆ ಕೂತು ಕಾಯುವುದನ್ನು ಕಲಿತಳು.

"ನಾಳೆಗೆ ಏನಾದರೂ ಇಟ್ಟಿದ್ದೀಯಾ?"

"ಏನೂ ಇಲ್ಲ."

"ಮಡಿಲಲ್ಲಿ?"

"ಏನೂ ಇಲ್ಲ."

"ನಾಳೆ ಬಾ."

ಹೊಳೆ ಉಬ್ಬಿತು, ಹೊಳೆ ಇಳಿಯಿತು. ಕಡವಿನವನ ತಲೆ ಬೆಳ್ಳಗಾಯಿತು. ಮಜ್ಜಿಗೆಯವಳು ಕಡೆಯುವುದನ್ನು ಬಿಟ್ಟು ಜಗಲಿ ಹಿಡಿದಳು. ಆ ದಡ ಹೇಗಿರುತ್ತದೆ ಎಂದು ನೇಯುವವಳು ಮೊದಲಿನಂತೆ ಊಹಿಸುತ್ತಿರಲಿಲ್ಲ. ಹೊಳೆಯ ಮೆಟ್ಟಿಲಿಗೆ ಹೋಗುವುದೇ ಅವಳ ಕೆಲಸವಾಗಿತ್ತು, ನೇಯುವುದು ಒಂದು ಕಾಲಕ್ಕೆ ಆಗಿದ್ದ ಹಾಗೆ.

ಒಂದು ಬೆಳಿಗ್ಗೆ ಕಡವಿನವನು ಬುಟ್ಟಿಗೆ ಕೈ ಹಾಕಿದ. ಹಾಕಿದ ಕೈಯನ್ನು ಅಲ್ಲೇ ಇಟ್ಟುಕೊಂಡ. ಆಮೇಲೆ ಮೆಲ್ಲಗೆ ಹೊರತೆಗೆದು ಅವಳ ಅಂಗೈ ಮೇಲಿಟ್ಟ. ಕಪ್ಪು ಕಲ್ಲು. ಅದರ ಸುತ್ತ ಒಣಗಿದ ಗಾಯದ ಬಣ್ಣಕ್ಕೆ ತಿರುಗಿದ್ದ ಒಂದು ನೂಲು.

"ನಿನ್ನದೇ ತಾನೆ?"

ಅಲ್ಲ ಎನ್ನಬಹುದಿತ್ತು. ಅಲ್ಲ ಎಂದಿದ್ದರೆ ಕಲ್ಲು ಹೊಳೆಗೆ ಬೀಳುತ್ತಿತ್ತು, ಅಷ್ಟೆ. ಆದರೆ ತಾನು ನೇಯ್ದ ನೂಲನ್ನು ತನ್ನದಲ್ಲ ಎನ್ನುವ ನಾಲಿಗೆ ಅವಳಿಗಿರಲಿಲ್ಲ.

"ನನ್ನದೇ."

ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು. "ಗೆದ್ದೆ ಕಣವ್ವಾ!" ಎಂದು ಯಾರೋ ಕೂಗಿದರು. "ಪೊರಕೆಯವಳು ಹೊಳೆ ದಾಟ್ತಾಳೆ ನೋಡ್ರೋ!"

"ಬಿಸಿಲು ಕೊನೆಯ ಮೆಟ್ಟಿಲಿಗೆ ಇಳಿಯುವಷ್ಟರಲ್ಲಿ ಬಾ," ಎಂದ ಕಡವಿನವನು.

ಅವಳು ಮನೆಗೆ ಬಂದಳು. ತೆಗೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ, ಬಿಡುವುದಕ್ಕೂ ಏನೂ ಇರಲಿಲ್ಲ. ಒಲೆ ತಣ್ಣಗಿತ್ತು. ಮಗ್ಗದ ಗುಂಡಿಯಲ್ಲಿ ಜೇಡರ ಬಲೆ. ಅಷ್ಟು ಕಾಲ ಅವಳು ಆ ಮನೆಯನ್ನು ಈ ದಿನಕ್ಕಾಗಿಯೇ ಬರಿದು ಮಾಡಿದ್ದಳು. ಈಗ ಅದು ಬರಿದಾಗಿರುವುದು ಕಂಡಿತು. ತಾನು ಹೋಗಲಾರೆ ಎಂಬುದು ಅಲ್ಲಿ, ಆ ಗುಂಡಿಯ ಅಂಚಿನಲ್ಲಿ ಅವಳಿಗೆ ತಿಳಿಯಿತು. ಬೇಡ ಎಂದು ಹೇಳಲಾರೆ ಎಂಬುದೂ ತಿಳಿಯಿತು. ಮೆಟ್ಟಿಲ ಮೇಲೆ ಊರೇ ನಿಂತಿದೆ. ಗೆದ್ದೆ ಎಂದಿದ್ದಾರೆ.

ದೋಣಿಯೇ ನಿಂತರೆ? ದೋಣಿ ನಿಂತರೆ ಯಾರೂ ನಗುವುದಿಲ್ಲ. ಹೊಳೆ ಬಿಡಲಿಲ್ಲ ಎನ್ನುತ್ತಾರೆ. ಪಾಪ, ಹೊರಟಿದ್ದಳು, ಹೊಳೆ ಬಿಡಲಿಲ್ಲ.

ಅವಳು ಪಕ್ಕದ ಮನೆಗೆ ಹೋದಳು. ಮಗಳು ಒಲೆಯ ಮುಂದಿದ್ದಳು. ಉಕ್ಕಿ ಬಂದ ಹಾಲನ್ನು ಆಗಷ್ಟೇ ಇಳಿಸಿದ್ದಳು.

"ಕಲ್ಲು ಬಂತು," ಎಂದಳು ತಾಯಿ.

ಮಗಳು ಅವಳ ಮುಷ್ಟಿ ನೋಡಿದಳು. "ಇವತ್ತೇನಾ?"

"ಇವತ್ತೇ."

ಮಗಳು ಒಲೆಯಿಂದ ಸೌದೆಯನ್ನು ಹಿಂದಕ್ಕೆ ಎಳೆದಳು.

"ಒಂದು ಕುಡಿಕೆ ಹಾಲು ಕೊಡು," ಎಂದಳು ತಾಯಿ. "ಒಂದಿಷ್ಟು ಹೆಪ್ಪು."

ಮಗಳ ಕೈ ಸೌದೆಯ ಮೇಲೆಯೇ ನಿಂತಿತು. "ಯಾರಿಗೆ ಅವ್ವ?"

"ನನ್ನ ಮನೆಗೆ."

ಒಲೆಯಲ್ಲಿ ಕೆಂಡ ಚಟಪಟ ಎಂದಿತು. ಹೊರಗೆ ಜಗಲಿಯ ಮೇಲೆ ಮಜ್ಜಿಗೆಯವಳು ಕಿವಿಯನ್ನು ಗೋಡೆಗೆ ಕೊಟ್ಟು ಕೂತಿದ್ದಳು. "ಕೊಡೇ ಅವಳಿಗೆ," ಎಂದಳು. ಆ ದನಿಯಲ್ಲಿ ಎಂದಿನ ಮೊನಚು ಇರಲಿಲ್ಲ.

ಮಗಳು ಕುಡಿಕೆಗೆ ಹಾಲು ಬಗ್ಗಿಸಿದಳು. ಹಬೆ ಏಳುತ್ತಿತ್ತು. ಬೇರೆ ಬಟ್ಟಲಲ್ಲಿ ಹೆಪ್ಪು ತಂದಿಟ್ಟಳು.

"ಆರಲಿ ಅವ್ವ. ಇನ್ನೂ ಬಿಸಿ ಇದೆ."

"ಹೊತ್ತಿಲ್ಲ. ಬಿಸಿಲು ಇಳೀತಿದೆ."

"ಬೆರಳು ಅದ್ದಿ ನೋಡು."

"ಹಾಲಿಗೆ ಹೆಪ್ಪು ಹಾಕೋದನ್ನ ನೀನು ನನಗೆ ಹೇಳಿಕೊಡ್ತೀಯಾ?"

ಮಗಳು ಇನ್ನೊಂದು ಸಲ ಹೇಳಲಿಲ್ಲ. ಅವಳೂ ಇವಳ ಮಗಳೇ.

ನೇಯುವವಳು ಸೆರಗಿನಿಂದ ಕುಡಿಕೆಯ ಕಂಠ ಹಿಡಿದು ತನ್ನ ಮನೆಗೆ ಒಯ್ದಳು. ಹೆಪ್ಪನ್ನು ಅದರೊಳಗೆ ಸುರಿದು ಬೆರಳಿನಿಂದಲ್ಲ, ಅಟ್ಟದಿಂದ ಇಳಿಸಿದ ಲಾಳಿಯ ತುದಿಯಿಂದ ಕದಡಿದಳು. ಮಗ್ಗದ ಗುಂಡಿಯ ಜೇಡರ ಬಲೆ ಸರಿಸಿ, ಕುಡಿಕೆಯನ್ನು ಅಲ್ಲಿ ಗಾಳಿಯಾಡದ ಮೂಲೆಯಲ್ಲಿಟ್ಟಳು. ಅರ್ಧ ಸೀರೆಯನ್ನು ಅದಕ್ಕೆ ಹೊದಿಸಿದಳು, ಮಗುವಿಗೆ ಹೊದಿಸುವ ಹಾಗೆ. ಆ ಮನೆಯಲ್ಲಿ ಈಗ ಒಂದು ನಾಳೆ ಇತ್ತು. ಬಾಗಿಲು ಹಾಕುವಾಗ ಅವಳ ಮೈ ಹಗುರವಾಗಿತ್ತು.

ಬಿಸಿಲು ಕೊನೆಯ ಮೆಟ್ಟಿಲಲ್ಲಿತ್ತು. ಊರು ನೆರೆದಿತ್ತು. ಮಗಳು ಮಜ್ಜಿಗೆಯವಳ ಕೈ ಹಿಡಿದು ನಡೆಸಿಕೊಂಡು ಬಂದು ಮೇಲಿನ ಮೆಟ್ಟಿಲಲ್ಲಿ ನಿಂತಳು.

"ನಾಳೆಗೆ ಏನಾದರೂ ಇಟ್ಟಿದ್ದೀಯಾ?" ಎಂದ ಕಡವಿನವನು.

"ಏನೂ ಇಲ್ಲ." ಆ ಮೆಟ್ಟಿಲ ಮೇಲೆ ಅವಳು ಆಡಿದ ಮೊದಲ ಸುಳ್ಳು ಅದು.

"ಮಡಿಲಲ್ಲಿ?"

"ಏನೂ ಇಲ್ಲ."

ಅವನು ಹೊಳೆಯಲ್ಲಿ ಕೈ ಅದ್ದಿ ಅವಳ ಅಂಗೈ ಒದ್ದೆ ಮಾಡಿದ. ಅವಳು ದೋಣಿ ಹತ್ತಿ ನಡುವಿನ ಹಲಗೆಯ ಮೇಲೆ ಕೂತಳು. ಒಂದು ಕಾಲಕ್ಕೆ ಮಗ್ಗಕ್ಕೆ ಕೂರುತ್ತಿದ್ದ ಹಾಗೆ, ಇಡೀ ಭಾರ ಬಿಟ್ಟು ಕೂತಳು. ಎದೆಯಲ್ಲಿ ನಗುವಿನಂಥದ್ದೇನೋ ಇತ್ತು. ಈಗ ದೋಣಿ ನಿಲ್ಲುತ್ತದೆ. ಏನು ಬಿಟ್ಟು ಬಂದೆ ಎಂದು ಕೇಳುತ್ತಾರೆ. ಏನಿಲ್ಲ, ಏನಿಲ್ಲ ಎನ್ನುತ್ತೇನೆ. ಸಂಜೆಯಾಗುತ್ತದೆ, ಕಲ್ಲು ಬರೀ ಕಲ್ಲಾಗುತ್ತದೆ. ಇಳಿದು ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಕುಡಿಕೆ ಓರೆ ಮಾಡಿ ನೋಡುತ್ತೇನೆ.

ಅಂಬಿಗ ಗಳ ಊರಿದ.

ದೋಣಿ ಹೊರಟಿತು. ಎಳೆಯುವ ಶ್ರಮವಿಲ್ಲದೆ, ಒಂದು ಸದ್ದೂ ಇಲ್ಲದೆ, ಉದುರಿದ ಎಲೆಯಷ್ಟು ಹಗುರವಾಗಿ ಹೊರಟಿತು. ಅಂಬಿಗನಿಗೇ ಆಶ್ಚರ್ಯವಾಯಿತು. "ಎಂಥ ಅಚ್ಚುಕಟ್ಟು ಹೆಂಗಸಮ್ಮ ನೀನು," ಎಂದ. "ಒಂದು ಎಳೆಯನ್ನೂ ಬಿಟ್ಟುಬಂದಿಲ್ಲ."

ಅವಳು ಮೆಟ್ಟಿಲ ಕಡೆ ತಿರುಗಿದಳು. ಮೇಲಿನ ಮೆಟ್ಟಿಲಲ್ಲಿ ಮಗಳು ದೋಣಿಯನ್ನು ನೋಡುತ್ತಿರಲಿಲ್ಲ. ದೋಣಿಗೂ ದಡಕ್ಕೂ ನಡುವೆ ಅಗಲವಾಗುತ್ತಿದ್ದ ನೀರನ್ನು ನೋಡುತ್ತಿದ್ದಳು. ಆ ಗುಂಡಿಯಲ್ಲಿ, ಆ ಸೀರೆಯ ಕೆಳಗೆ, ಬಿಸಿಗೆ ಹೆಪ್ಪು ಸತ್ತು ಹಾಲು ಹಾಲಾಗೇ ಉಳಿಯುತ್ತದೆ ಎಂಬುದು ಮಗಳಿಗೆ ತಿಳಿದಿತ್ತು, ಈಗ ತಾಯಿಗೂ ತಿಳಿಯಿತು. ಕಡವಿನವನಿಗೆ ಅವಳು ಸುಳ್ಳು ಹೇಳಿರಲಿಲ್ಲ.

"ಹೋಗಿ ಬಾ ಅವ್ವ!" ಮಗಳು ಕೂಗಿದಳು. ಮಜ್ಜಿಗೆ ಮಾರುವ ದನಿ. ಹೊಳೆಯ ಉದ್ದಕ್ಕೂ ಕೇಳಿತು.

ಬರ್ತೀನಿ ಎಂದರೆ ಸಾಕಿತ್ತು. ಮನಸ್ಸಿಟ್ಟು ಆಡಿದ ಮಾತೂ ನಾಳೆಯೇ, ದೋಣಿ ಅಲ್ಲೇ ನಿಲ್ಲುತ್ತಿತ್ತು. ಅವಳು ಬಾಯಿ ತೆರೆದಳು. ಎಷ್ಟೋ ಕಾಲ ಆಡದ ಮಾತು. ಗಂಟಲಿನಲ್ಲಿ ಹುಡುಕಿದಳು, ನಾಲಿಗೆಯ ಕೆಳಗೆ ಹುಡುಕಿದಳು. ಅಲ್ಲಿಯೂ ಅವಳು ಎಂದೋ ಗುಡಿಸಿಟ್ಟಿದ್ದಳು.

"ಹೂಂ," ಎಂದಳು.

ಮೆಟ್ಟಿಲು ಸಣ್ಣದಾಯಿತು. ಮೆಟ್ಟಿಲ ಮೇಲಿನ ಎತ್ತರದ ಹುಡುಗಿ ಸಣ್ಣವಳಾದಳು, ಇನ್ನೂ ಸಣ್ಣವಳಾದಳು. ಒಂದು ಗಳಿಗೆಯಲ್ಲಿ ಅವಳು ಮಡಿಲಲ್ಲಿ ಹಿಡಿಸುವಷ್ಟು ಆದಳು. ಆಮೇಲೆ ಕಾಣಲಿಲ್ಲ.

ನೇಯುವವಳು ದೋಣಿಯ ಅಂಚಿನಿಂದ ಕೈ ಇಳಿಬಿಟ್ಟು ಕಿರುಬೆರಳನ್ನು ಹೊಳೆಯಲ್ಲಿ ಅದ್ದಿದಳು. ದಿನದ ಬಿಸಿಲು ಕುಡಿದಿದ್ದ ನೀರು. ಸುಡಲಿಲ್ಲ, ತಣ್ಣಗೂ ಇರಲಿಲ್ಲ. ಬೆರಳಿಗೆ ಹಿತವಾಗಿತ್ತು.

ಉಗುರುಬೆಚ್ಚಗಿತ್ತು.